ಹತ್ತಡಿ ಆಚೀಚೆ

ಯಾರೋ ಗೊತ್ತಿಲ್ಲದವರು
ಗೊತ್ತಿಲ್ಲದವರಿಗೆಂದೇ ಒಂದು ಡಬ್ಬಿ ಅಡಗಿಸಿ
ಅಕ್ಷಾಂಶ ರೇಖಾಂಶ ಮಾತ್ರ ಹೇಳಿ ಹೋಗಿದ್ದಾರೆ.
ಸಿಕ್ಕರೆ ತೆರೆ, ಹೆಸರು ಬರೆ,
ಒಂದು ತೆಗೆದುಕೊಂಡರೆ ಒಂದು ಇಡು,
ಇದ್ದಲ್ಲೇ ಇದ್ದ ಹಾಗೆ ಮುಚ್ಚಿ ಬಾ.
ಇಷ್ಟೇ ಆಟ. ಜಿಯೋಕ್ಯಾಶಿಂಗ್ ಅನ್ನುತ್ತಾರೆ.
ಮಂಡ್ಯದ ಬ್ಯಾಂಕಿನಲ್ಲಿ ವಾರವಿಡೀ
ಪರರ ಲಾಕರಿನ ಕೀಲಿ ಹಿಡಿದು ನಿಲ್ಲುವ ನನಗೆ
ಭಾನುವಾರಕ್ಕೆ ಬೇಕಾದದ್ದು
ಬೀಗವಿಲ್ಲದ ಒಂದು ಡಬ್ಬಿ.

ಮೇಲುಕೋಟೆಯ ಬೆನ್ನಿಗೆ
ಬಸ್ಸು ತಿರುಗಿಸಿಕೊಳ್ಳುವ ಊರಿನಾಚೆ ಕಲ್ಲುಗುಡ್ಡ.
ಕಾರೆ, ತುಗ್ಗಲಿ, ಲಂಟಾನ.
ಫೋನಿನ ಬಾಣ ನೆಟ್ಟಗೆ ತೋರಿಸುತ್ತಿತ್ತು.
ಬಾಣಕ್ಕೇನು, ಮುಳ್ಳು ಚುಚ್ಚುತ್ತದೆಯೆ?

ಮೇಕೆ ಬಿಟ್ಟುಕೊಂಡು ಕೂತಿದ್ದ ಚಿಕ್ಕಜವರಯ್ಯ
ನನ್ನ ಅಂಗಿ ನೋಡಿದ. ಮಾಸಲು ಹಸಿರು,
ಕಾಡಿಗೆ ಒಪ್ಪುತ್ತದೆಂದು ಕೊಂಡದ್ದು.
‘ಒಪ್ತದೆ ಕಣವ್ವಾ, ಅದ್ಕೇ ಬ್ಯಾಡ’
ಎಂದು ತಲೆಯ ಕೆಂಪು ವಸ್ತ್ರ ಬಿಚ್ಚಿ ಕೊಟ್ಟ.
‘ಹೆಗಲಿಗಾಕ್ಕಳಿ. ಮನೇಲಿ ಯೋಳ್ ಬಂದಿದ್ದೀರಾ?
ಬಾಯ್ತುಂಬ ಮಾತಾಡ್ಕಂಡು ಬನ್ನಿ.
ಸುಮ್ಕಿದ್ರೆ ಹಂದಿ ಅಂದ್ಕತಾರೆ.’

ಯಾರು ಅಂದುಕೊಳ್ಳುವವರು ಎಂದು
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಕಬ್ಬಿನ ಗದ್ದೆಯಿಂದ ಗುಡ್ಡಕ್ಕೆ ಹಂದಿ ನಡೆದದ್ದೇ ಜಾಡು,
ನಮಗೂ ಅದೇ, ಬೇರೆ ದಾರಿಯಿಲ್ಲ.
ಕೋಲಿನ ತುದಿಯಲ್ಲಿ ಹುಲ್ಲು ಸರಿಸಿದ:
ಬೈಕಿನ ಬ್ರೇಕ್ ವೈರಿನ ಉರುಳು
ಮೊಣಕಾಲೆತ್ತರಕ್ಕೆ ಬಾಯಿ ತೆರೆದು ಕಾಯುತ್ತಿತ್ತು.
ಇನ್ನೂ ಮುಂದೆ ಒಂದು ಹಿಟ್ಟಿನುಂಡೆ,
ಯಾರೋ ಬುತ್ತಿಯಿಂದ ಬೀಳಿಸಿಕೊಂಡ
ತಂಗಳು ಮುದ್ದೆಯ ಹಾಗೆ.
‘ಅದ ಒದೀಬ್ಯಾಡಿ’ ಎಂದ, ಅಷ್ಟೆ.
ಅವನ ಬಲಗೈಯನ್ನು ನೋಡಿದ್ದು ಆಗ.
ಎರಡೇ ಬೆರಳು.
ಅವೂ ಒಂದಕ್ಕೊಂದು ದೂರ.

ಫೋನು ಹೇಳಿತು: ಬಂದಾಯಿತು,
ಹತ್ತಡಿ ಆಚೀಚೆ.
ಆ ಹತ್ತಡಿಯಲ್ಲಿ ಏನೇನಿಲ್ಲ!
ಬಂಡೆಗೊಂದು ಬಿರುಕು, ಬಿರುಕಿಗೊಂದು ಕತ್ತಲು.
ಕೈ ಹಾಕಹೋದೆ. ಕೋಲು ಅಡ್ಡ ಬಂತು.
‘ಮನೆ ಯಾರ್ದು ಅಂತ ಕೇಳ್ದೆ ಒಳಕ್ಕೆ ಕೈಯಾಕ್ತಾರಾ?’
ಮೂರು ಸಲ ತಟ್ಟಿದ, ಕಾದ.
ಒಳಗಿಂದ ಯಾರೂ ಓಗೊಡಲಿಲ್ಲ.

ಒಂದು ಗಂಟೆ ಹುಡುಕಿದೆ. ಬೆವರು ಕಣ್ಣಿಗಿಳಿದಾಗ
ಅವನು ಕೂತಿದ್ದ ಕಲ್ಲಿನಿಂದ ಎದ್ದು ನಿಂತ.
ಆ ಕಲ್ಲಿನ ಅಡಿಗೇ ಇತ್ತು ಸ್ಟೀಲಿನ ಟಿಫಿನ್ ಡಬ್ಬಿ!
ಮಳೆಗಾಲದಲ್ಲಿ ನೀರು ನುಗ್ಗುತ್ತದೆಂದು
ತಾನೇ ಎರಡು ಸಲ ಮೇಲಕ್ಕೆತ್ತಿಟ್ಟಿದ್ದನಂತೆ.
ಗೊತ್ತಿದ್ದೂ ಹೇಳಲಿಲ್ಲವಲ್ಲ?
‘ಉಡುಕಾಕೆ ಬಂದವ್ರಲ್ವಾ ನೀವು.’

ಪುಸ್ತಕ, ಮೊಂಡು ಪೆನ್ಸಿಲ್,
ಕೆ.ಆರ್. ಪೇಟೆಯ ಬಸ್ ಟಿಕೇಟು, ಹಸಿರು ಗೋಲಿ.
ನನ್ನ ಹೆಸರು ಬರೆದು ಪೆನ್ಸಿಲ್ ಚಾಚಿದೆ.
‘ಬ್ಯಾಡ ಕಣವ್ವಾ, ಫಾರೆಸ್ಟ್‌ನೋರ ಬುಕ್ಕಲ್ಲಿ
ಒಂದ್ಸಲ ಬರ್ಕಂಡವ್ರೆ. ಸಾಕು.’
ಹೆಸರಿನ ಕೆಳಗೆ ನಾನೇ ಸೇರಿಸಿದೆ:
ಇಬ್ಬರು ಬಂದಿದ್ದೆವು.
ಗೋಲಿ ತೆಗೆದುಕೊಂಡೆ. ಸೀಟಿ ಇಟ್ಟೆ.

ಇಳಿಯುವಾಗ ಹೊತ್ತು ಕಂತುತ್ತಿತ್ತು.
ಕೆಳಗೆ ಆಲೆಮನೆಯ ಹೊಗೆ ಮಲಗಿತ್ತು.
ಬಡ್ಡಿ ದರ, ಅತ್ತೆಯ ಮಂಡಿನೋವು, ನಲ್ಲಿ ನೀರು,
ಮಾತೆಲ್ಲ ತೀರಿತು.
‘ದನಿ, ದನಿ’ ಎಂದ ಹಿಂದಿನಿಂದ.
ಬೇರೇನೂ ತೋಚದೆ
ಹದಿನೇಳರ ಮಗ್ಗಿ ಹೇಳತೊಡಗಿದೆ, ಕೂಗಿ.
ಅವನು ಮೇಕೆಗಳನ್ನು ಕರೆಯತೊಡಗಿದ:
ಕೆಂಪಿ, ಗಿಡ್ಡಿ, ಬಿಳಿಕಿವಿ,
ನಿಂಗರಾಜು,
ಚುಕ್ಕಿ, ಮೋಟಿ.

ಹೆಸರು ಹೆಸರಿಗೂ ಒಂದು ಗಂಟೆ ಅಲುಗಿ
ಪೊದೆಯಿಂದ ಒಂದು ತಲೆ ಹೊರಗೆ ಬಂತು.
ಆ ಒಂದು ಹೆಸರಿಗೆ ಮಾತ್ರ
ಯಾವುದೂ ತಿರುಗಲಿಲ್ಲ.
ಅವನು ಅದನ್ನು ಮತ್ತೆ ಕರೆದ, ಕೊಂಚ ಜೋರಾಗಿ,
ಸಾಲಿನಲ್ಲಿ ಅದರದೇ ಜಾಗದಲ್ಲಿ.

ನನಗೆ ಹದಿನೇಳೆಂಟ್ಲಿ ಮರೆತುಹೋಯಿತು.
ಮೊದಲಿನಿಂದ ಶುರುಮಾಡಿದೆ.